ನಂಜೂ ಗುಲಗಂಜಿಯೂ

ನಂಜನಗೂಡಿನ ದೇವರು ನಂಜುಂಡೇಶ್ವರ. ಎಂದರೆ ನಂಜನ್ನು ಉಂಡವನು. ಊರಿನ ಹೆಸರೂ ಆ ನಂಜಿನಿಂದಲೇ ಬಂದದ್ದು. ಊರುಗಳಿಗೆ ಹೊಳೆಯ ಹೆಸರು, ಮರದ ಹೆಸರು, ಅರಸನ ಹೆಸರು ಇರುವುದು ಎಲ್ಲ ಕಡೆಯೂ ಉಂಟು. ವಿಷದ ಹೆಸರನ್ನು ಊರಿಗೆ ಇಟ್ಟು, ಅದು ಸಾಲದೆಂದು ಹುಟ್ಟಿದ ಮಕ್ಕಳಿಗೂ ಇಟ್ಟು, ‘ನಂಜುಂಡ, ಊಟಕ್ಕೆ ಬಾರೋ’, ‘ನಂಜಮ್ಮ, ದೀಪ ಹಚ್ಚೇ’ ಎಂದು ಅಕ್ಕರೆಯಿಂದ ಕರೆಯುವ ಜನ ನಾವು. ಹಗಲೂ ಇರುಳೂ ನಾಲಗೆಯ ಮೇಲೆ ಹೊರಳಿ ಹೊರಳಿ ಆ ಮಾತಿನ ಕಹಿ ಸವೆದುಹೋಗಿದೆ. ಕಥೆ ಮಾತ್ರ ಸವೆದಿಲ್ಲ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಅಮೃತ ಬೇಕೆಂದು ದೇವತೆಗಳೂ ಅಸುರರೂ ಕೂಡಿ ಹಾಲುಗಡಲನ್ನು ಕಡೆದರು. ಅಮೃತಕ್ಕೆ ಮೊದಲು ಹಾಲಾಹಲ ಬಂತು. ಹಗ್ಗ ಹಿಡಿದು ಎಳೆಯುತ್ತಿದ್ದವರೆಲ್ಲ ಹಗ್ಗ ಬಿಟ್ಟು ಓಡಿದರು. ಅಮೃತದಲ್ಲಿ ಪಾಲು ಕೇಳದಿದ್ದ ಒಬ್ಬನು ಬಂದು ಅದನ್ನು ಅಂಗೈಯಲ್ಲಿ ಹಿಡಿದು ಕುಡಿದನು. ಪಾರ್ವತಿ ಅವನ ಕೊರಳನ್ನು ಒತ್ತಿ ಹಿಡಿದಳು. ವಿಷ ಅಲ್ಲಿಯೇ ನಿಂತಿತು. ಪುರಾಣಿಕರು ಇದನ್ನು ತ್ಯಾಗದ ಕಥೆಯೆಂದು ಹೇಳುತ್ತಾರೆ, ಒಪ್ಪತಕ್ಕ ಮಾತೇ. ಆದರೆ ಆ ತ್ಯಾಗಕ್ಕೆ ಬೆಲೆ ಬಂದದ್ದು ಒಂದು ಸಣ್ಣ ಸಂಗತಿಯಿಂದ: ಅಂಗೈಯಲ್ಲಿ ಇರುವುದು ಏನೆಂದು ಶಿವನಿಗೆ ಗೊತ್ತಿತ್ತು. ಯಾರಾದರೂ ‘ಇದು ಮಜ್ಜಿಗೆ’ ಎಂದು ಹೇಳಿ ಕೊಟ್ಟಿದ್ದರೆ, ಅವನು ಕುಡಿದು ಬದುಕಿಕೊಂಡಿದ್ದರೂ ಕೂಡ, ನಾವು ಆ ಕಥೆಗೆ ಗುಡಿ ಕಟ್ಟುತ್ತಿರಲಿಲ್ಲ. ಅದನ್ನು ಮೋಸವೆಂದು ಕರೆಯುತ್ತಿದ್ದೆವು.

ನಾನು ಪುರಾಣ ಹೇಳಲು ಹೊರಟವನಲ್ಲ. ನಮ್ಮ ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳಲ್ಲಿ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಹುಡುಗರ ಅಂಗೈಗೆ ದಿನವೂ ನಂಜು ಬೀಳುತ್ತದೆ. ಅದನ್ನು ಕೊಡುವವರು ಏನು ಹೇಳಿ ಕೊಡಬೇಕು? ಹೇಳದೆ ಕೊಟ್ಟು, ಕೆಡುಕು ಆದಮೇಲೆ ‘ಅವನಿಗೆ ಎಚ್ಚರಿಕೆ ಸಾಲದು’ ಎಂದರೆ, ಆ ಮಾತಿಗೆ ನ್ಯಾಯ ಉಂಟೆ? ಈ ಪ್ರಶ್ನೆ ಕೆಲವು ಕಾಲದಿಂದ ನನ್ನನ್ನು ಬಿಡದೆ ಹಿಡಿದಿದೆ.

2018ನೆಯ ಡಿಸೆಂಬರ್ 5ರ ಮಧ್ಯಾಹ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ವಿದ್ಯಾಸ್ಥಾನದಲ್ಲಿ, ಆಘಾತ ತರಂಗಗಳನ್ನು ಕುರಿತು ಸಂಶೋಧನೆ ನಡೆಯುತ್ತಿದ್ದ ಪ್ರಯೋಗಶಾಲೆಯೊಂದರಲ್ಲಿ ಸ್ಫೋಟವಾಯಿತು. ಜಲಜನಕದ ಸಿಲಿಂಡರು ಸಿಡಿದದ್ದೇ ಕಾರಣವೆಂದು ಆಗ ವರದಿಯಾಯಿತು. ಮೂವತ್ತೆರಡು ವರ್ಷದ ಒಬ್ಬ ಎಂಜಿನಿಯರು ಅಲ್ಲಿಯೇ ಪ್ರಾಣ ಬಿಟ್ಟರು. ಇನ್ನು ಮೂವರಿಗೆ ಕಠಿಣವಾದ ಪೆಟ್ಟಾಯಿತು. ಸತ್ತವರು ಸಂಸ್ಥೆಯ ಅಧ್ಯಾಪಕರೂ ಅಲ್ಲ, ವಿದ್ಯಾರ್ಥಿಯೂ ಅಲ್ಲ. ಆ ಪ್ರಯೋಗಶಾಲೆಯೊಡನೆ ಕೆಲಸ ಮಾಡುತ್ತಿದ್ದ ಒಂದು ಹೊಸ ಕಂಪೆನಿಯವರು. ಜಲಜನಕಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ನೂರು ಪಾಲು ಗಾಳಿಯಲ್ಲಿ ನಾಲ್ಕು ಪಾಲು ಸೇರಿದರೂ ಹತ್ತಿಕೊಳ್ಳುತ್ತದೆ, ಎಪ್ಪತ್ತೈದು ಪಾಲು ಸೇರಿದರೂ ಹತ್ತಿಕೊಳ್ಳುತ್ತದೆ. ಚಳಿಗಾಲದಲ್ಲಿ ಉಣ್ಣೆಯ ಅಂಗಿಯನ್ನು ಬಿಚ್ಚುವಾಗ ಚಿಟಚಿಟನೆ ಹಾರುವ ಕಿಡಿಗಿಂತ ಸಣ್ಣ ಕಿಡಿ ಅದಕ್ಕೆ ಸಾಕು. ಹಗಲ ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ಆ ದಿನ ಅಲ್ಲಿ ಯಾರು ಏನನ್ನು ಅರಿತಿದ್ದರು, ಯಾರು ಏನನ್ನು ಮರೆತಿದ್ದರು ಎಂದು ತೀರ್ಪು ಹೇಳುವುದು ನನ್ನ ಕೆಲಸವಲ್ಲ. ದೇಶದಲ್ಲೇ ಮೊದಲನೆಯ ಸಾಲಿನಲ್ಲಿ ನಿಲ್ಲುವ ಸಂಸ್ಥೆಯಲ್ಲಿ ಹೀಗಾದರೆ ಉಳಿದ ಕಡೆಗಳ ಮಾತೇನು ಎಂದು ಮಾತ್ರ ಆಗ ಎಲ್ಲರಂತೆ ನನಗೂ ಅನ್ನಿಸಿತು.

ಉಳಿದ ಕಡೆಗಳಿಗೆ ಹೋಗುವವರು ನಮ್ಮ ಮಕ್ಕಳೇ. ಬೆಳಿಗ್ಗೆ ಚಾಮರಾಜನಗರದಿಂದ ಮೈಸೂರಿಗೆ ಹೋಗುವ ರೈಲಿನಲ್ಲಿ ನಂಜನಗೂಡಿನ ನಿಲ್ದಾಣದಲ್ಲಿ ಹತ್ತುವವರನ್ನು ನೋಡಿ. ರೈಲಿಲ್ಲದ ನರಸೀಪುರದಿಂದ ಬಸ್ಸು ಹಿಡಿದು ಬರುವವರನ್ನು ನೋಡಿ. ಕಚೇರಿಯವರ ನಡುವೆ, ಹೂವಿನ ಕುಕ್ಕೆಯವರ ನಡುವೆ, ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಇರುತ್ತಾರೆ. ಅವರಲ್ಲಿ ಕೆಲವರು ರಸಾಯನಶಾಸ್ತ್ರದವರು, ಕೆಲವರು ಜೀವಶಾಸ್ತ್ರದವರು. ಮನೆಯಲ್ಲಿ ಮೊದಲನೆಯ ಬಾರಿಗೆ ಎಂ.ಎಸ್‌ಸಿ. ಓದಿದವರು ಎಷ್ಟೋ ಮಂದಿ. ‘ನಮ್ಮ ಹುಡುಗ ರಿಸರ್ಚು ಮಾಡುತ್ತಾನೆ’ ಎಂದು ತಂದೆ ಅಂಗಡಿಯ ಜಗುಲಿಯ ಮೇಲೆ ಹೇಳಿಕೊಳ್ಳುವಾಗ ಅವರ ಕಣ್ಣಿನಲ್ಲಿ ಕಾಣುವುದು ಪುಸ್ತಕ, ಕನ್ನಡಕ, ಬಿಳಿಯ ಕೋಟು. ಬಾಟಲಿಯೊಳಗೆ ಇರುವುದು ಅವರ ಕಣ್ಣಿಗೆ ಬೀಳುವುದಿಲ್ಲ. ಹೊಲಕ್ಕೆ ಹೋಗುವ ಮಗನಿಗೆ ‘ಹಾವು ಹುಪ್ಪಟೆ ನೋಡಿಕೊಂಡು ಹೋಗಪ್ಪ’ ಎನ್ನುವ ತಾಯಿ, ಪ್ರಯೋಗಶಾಲೆಗೆ ಹೋಗುವ ಮಗನಿಗೆ ಹಾಗೆ ಹೇಳುವುದಿಲ್ಲ. ಅಲ್ಲಿ ವಿದ್ಯಾವಂತರು ಇದ್ದಾರೆ, ನೋಡಿಕೊಳ್ಳುತ್ತಾರೆ ಎಂಬುದು ಅವಳ ನಂಬಿಕೆ.

ನರಸೀಪುರದ ಕಡೆಯ ಒಬ್ಬ ಯುವಕ ನನಗೆ ಪರಿಚಿತ. ಎಲ್ಲಿ ಸಂಶೋಧನೆ ಮಾಡುತ್ತಾನೆಂಬುದು ಇಲ್ಲಿ ಬೇಡ. ಸೇರಿದ ಮೊದಲ ವಾರ ಅವನ ಮುಂದೆ ಒಂದು ಅಚ್ಚಾದ ಕಾಗದವನ್ನು ಇಟ್ಟರಂತೆ. ‘ಪ್ರಯೋಗಶಾಲೆಯ ಅಪಾಯಗಳನ್ನೂ ನಿಯಮಗಳನ್ನೂ ಓದಿ ತಿಳಿದುಕೊಂಡಿದ್ದೇನೆ’ ಎಂದು ಅದರಲ್ಲಿ ಇತ್ತು. ಓದುವುದಕ್ಕೆ ಆ ನಿಯಮಗಳು ಎಲ್ಲಿವೆ ಎಂದು ಕೇಳಿದಾಗ, ಹಿರಿಯ ವಿದ್ಯಾರ್ಥಿಯೊಬ್ಬ ನಕ್ಕು, ‘ಮೊದಲು ಸಹಿ ಹಾಕು, ಕಾಗದ ಇವತ್ತು ಆಫೀಸಿಗೆ ಹೋಗಬೇಕು’ ಎಂದನಂತೆ. ಸಹಿ ಬಿತ್ತು. ಆ ವಾರವೇ ಅವನ ಕೈಗೆ ಹಳೆಯ ಈಥರಿನ ಬಾಟಲಿ ಬಂತು. ಈಥರು ಗಾಳಿಯ ಸಂಪರ್ಕದಲ್ಲಿ ಬಹುಕಾಲ ನಿಂತರೆ ಅದರೊಳಗೆ ಪೆರಾಕ್ಸೈಡುಗಳು ಹುಟ್ಟುತ್ತವೆ; ಮುಚ್ಚಳವನ್ನು ತಿರುಗಿಸುವಾಗಿನ ತಿಕ್ಕಾಟಕ್ಕೇ ಅವು ಸಿಡಿಯಬಹುದು. ಪುಣ್ಯಕ್ಕೆ ಅವನು ಎಲ್ಲಿಯೋ ಓದಿದ್ದನು; ಮುಟ್ಟದೆ ಇಟ್ಟನು. ಆದರೆ ‘ಮುಟ್ಟುವುದಿಲ್ಲ’ ಎಂದು ಹೇಳುವುದಕ್ಕೆ ಎರಡು ದಿನ ಹಿಡಿಯಿತಂತೆ. ಹೇಳಿದರೆ ಹೆದರುಪುಕ್ಕಲ ಎಂದಾರು, ಹಳ್ಳಿಯವನಿಗೆ ಪ್ರಯೋಗ ಬಾರದು ಎಂದಾರು ಎಂಬ ಸಂಕೋಚ. ನನಗೆ ಆ ಬಾಟಲಿಗಿಂತ ಹೆಚ್ಚು ಭಯವಾದದ್ದು ಈ ಎರಡು ದಿನವನ್ನು ಕೇಳಿ.

ಆ ಸಹಿಯ ಕಾಗದವನ್ನು ಸ್ವಲ್ಪ ನಿಂತು ನೋಡಬೇಕು. ‘ನಾನು ತಿಳಿದಿದ್ದೇನೆ’ ಎಂದು ಒಬ್ಬನು ಬರೆದುಕೊಟ್ಟರೆ, ತಿಳಿಸುವವರು ಒಬ್ಬರು ಇದ್ದರು ಎಂದು ಅರ್ಥವಾಗುತ್ತದೆ. ತಿಳಿಸದೆ ಬರೆಸಿಕೊಂಡದ್ದು ಸುಳ್ಳು ಸಾಕ್ಷಿ. ಅದೂ ಸಾಕ್ಷಿ ಹೇಳಿದವನ ವಿರುದ್ಧವೇ ಮುಂದೆ ಉಪಯೋಗವಾಗುವ ಸುಳ್ಳು ಸಾಕ್ಷಿ. ಒಪ್ಪಿಗೆ ಎಂಬುದು ತಿಳಿವಳಿಕೆಯ ಮಗು. ನಾನು ಬಲ್ಲ ಅಪಾಯಕ್ಕೆ ನಾನು ಒಪ್ಪಬಹುದು. ಬಲ್ಲದ ಅಪಾಯಕ್ಕೆ ಒಪ್ಪಿದೆನೆಂದರೆ ಆ ಮಾತಿಗೆ ಅರ್ಥವೇ ಇಲ್ಲ. ಪ್ರಾಪ್ತ ವಯಸ್ಕನು ತಾನಾಗಿ ಸೇರಿದ್ದಾನೆ, ಯಾರೂ ಕಟ್ಟಿ ತಂದಿಲ್ಲ ಎಂದು ವಾದಿಸುವವರು ಈ ಸೂಕ್ಷ್ಮವನ್ನು ಮರೆಯುತ್ತಾರೆ. ಅವನು ಸೇರಿದ್ದು ವಿದ್ಯೆಗೆ. ವಿದ್ಯೆಯ ಜತೆಗೆ ಬರುವ ನಂಜನ್ನು ಯಾರೂ ಅವನಿಗೆ ತೋರಿಸಿ, ‘ಇದೂ ಇದೆ, ಒಪ್ಪುವೆಯಾ?’ ಎಂದು ಕೇಳಿಲ್ಲ.

ನರಸೀಪುರದ ಮಾತು ಬಂದುದರಿಂದ ಅಲ್ಲಿಯ ದೇವರನ್ನೂ ನೆನೆಯಬೇಕು. ನಂಜನಗೂಡನ್ನು ಸವರಿಕೊಂಡು ಹರಿಯುವ ಕಪಿಲೆ ಮುಂದೆ ಹೋಗಿ ಕಾವೇರಿಯನ್ನು ಕೂಡುವುದು ತಿರುಮಕೂಡಲು ನರಸೀಪುರದಲ್ಲಿ. ಅಲ್ಲಿ ಗುಂಜಾ ನರಸಿಂಹಸ್ವಾಮಿಯ ಗುಡಿ ಇದೆ. ದೇವರ ಬೆರಳುಗಳ ನಡುವೆ ಒಂದು ಗುಲಗಂಜಿ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚು ಎಂದು ಅದರ ಅರ್ಥ. ಎಂಥ ವಿನಯದ ಜಂಬ! ಮಣವಲ್ಲ, ಸೇರಲ್ಲ, ಗುಲಗಂಜಿಯಷ್ಟು ಮಾತ್ರ ಹೆಚ್ಚು. ಅಕ್ಕಸಾಲಿಗರು ತಲೆತಲಾಂತರದಿಂದ ಚಿನ್ನವನ್ನು ತೂಗಿದ್ದು ಈ ಬೀಜದಿಂದಲೇ. ಒಂದು ಬೀಜ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಆದರೆ ಕೆಂಪಿಗೆ ಕಪ್ಪು ಬೊಟ್ಟು ಇಟ್ಟುಕೊಂಡ ಈ ಚೆಲುವಾದ ಬೀಜದೊಳಗೆ ಇರುವುದು ಏಬ್ರಿನ್ ಎಂಬ ವಿಷ. ಲೋಕದ ಘೋರವಾದ ಸಸ್ಯವಿಷಗಳಲ್ಲಿ ಅದು ಒಂದು. ಅದಕ್ಕೆ ಇದುವರೆಗೆ ಪ್ರತ್ಯೌಷಧ ಇಲ್ಲ. ವಿಚಿತ್ರವೆಂದರೆ, ಬೀಜವನ್ನು ಇಡಿಯಾಗಿ ನುಂಗಿದವರಿಗೆ ಅನೇಕ ವೇಳೆ ಏನೂ ಆಗುವುದಿಲ್ಲ. ಗಟ್ಟಿಯಾದ ಸಿಪ್ಪೆ ವಿಷವನ್ನು ಹೊರಗೆ ಬಿಡುವುದಿಲ್ಲ. ಅಗಿದು ನುಂಗಿದರೆ, ಸರಕ್ಕೆಂದು ತೂತು ಕೊರೆದರೆ, ಆಗ ಅಪಾಯ.

ವೈದ್ಯಪದ್ಧತಿಯವರಿಗೆ ಇದು ತಿಳಿದಿತ್ತು. ಆಯುರ್ವೇದದಲ್ಲಿ ಗುಲಗಂಜಿಯನ್ನು ಉಪವಿಷಗಳ ಗುಂಪಿಗೆ ಸೇರಿಸಿದ್ದಾರೆ; ಬಟ್ಟೆಯಲ್ಲಿ ಕಟ್ಟಿ, ಹಾಲಿನಲ್ಲೋ ಕಾಂಜಿಯಲ್ಲೋ ತೂಗುಬಿಟ್ಟು ಬೇಯಿಸಿ ಶೋಧನೆ ಮಾಡಿದ ಮೇಲಲ್ಲದೆ ಔಷಧಕ್ಕೆ ಬಳಸಕೂಡದೆಂದು ವಿಧಿ. ಶಿಷ್ಯನು ಶೋಧನೆಯನ್ನು ಕಲಿತ ಮೇಲೆ ಯೋಗವನ್ನು ಕಲಿಯಬೇಕು, ಕ್ರಮ ತಪ್ಪುವಂತಿಲ್ಲ. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎನ್ನುವ ಗುಂಪಿನವನು ನಾನಲ್ಲ. ಅದೇ ಕಾಲದಲ್ಲಿ ಪಾದರಸವನ್ನು ಕಾಯಿಸಿ ಮೂರ್ತಿಗಳಿಗೆ ಚಿನ್ನದ ಮುಲಾಮು ಕೊಡುತ್ತಿದ್ದ ಕಸುಬಿನವರು ಆ ಹೊಗೆಯನ್ನು ಕುಡಿದು ಕೈನಡುಕ ಹತ್ತಿ ಸಾಯುತ್ತಿದ್ದರು. ಅವರಿಗಾಗಿ ಯಾವ ಶೋಧನೆಯ ವಿಧಿಯನ್ನೂ ಯಾರೂ ಬರೆದ ಹಾಗೆ ಕಾಣೆ. ವಿಷದ ವಿಚಾರವಾಗಿ ಲೋಕದ ಎಚ್ಚರ ಎಲ್ಲ ಕಾಲದಲ್ಲೂ ಉಣ್ಣುವವನ ಕಡೆಗೆ ಹೆಚ್ಚು, ಮಾಡುವವನ ಕಡೆಗೆ ಕಡಿಮೆ.

ಇದನ್ನು ಸರಿಪಡಿಸಲು ಒಂದು ಮಹಾದುರಂತ ಬೇಕಾಯಿತು. 1984ನೆಯ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ನಡೆದದ್ದನ್ನು ಮತ್ತೆ ಹೇಳಬೇಕಾಗಿಲ್ಲ. ಅದಾದ ಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ಮಾಡಿ, ಅಪಾಯಕರವಾದ ಕೆಲಸದಲ್ಲಿ ಇರುವ ಕಾರ್ಮಿಕನಿಗೆ ಆ ಅಪಾಯವನ್ನು ತಿಳಿಸಲೇಬೇಕು ಎಂದು ಸೇರಿಸಿದರು. ತನ್ನ ಆರೋಗ್ಯದ ವಿಚಾರವಾಗಿ ಮಾಲೀಕನಿಂದ ಮಾಹಿತಿಯನ್ನು ಕೇಳಿ ಪಡೆಯುವುದು, ತರಬೇತು ಪಡೆಯುವುದು, ಅಪಾಯ ಒದಗಿತೆಂದು ಕಂಡರೆ ಎದ್ದು ಹೇಳುವುದು, ಇವೆಲ್ಲ ಅವನ ಹಕ್ಕುಗಳಾದವು. ಈಚೆಗೆ ಆ ಕಾಯಿದೆಯನ್ನೂ ಇತರ ಕಾಯಿದೆಗಳನ್ನೂ ಕೂಡಿಸಿ ಸಂಹಿತೆಯಾಗಿ ಮಾಡಿದ್ದಾರೆ. ಅದು ಹೇಗೂ ಇರಲಿ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಕಾರ್ಖಾನೆಗೆ ಹೋಗುವ ಒಬ್ಬ ಕೂಲಿಯವನನ್ನೂ, ಅದೇ ಬೀದಿಯಿಂದ ಮೈಸೂರಿನ ಪ್ರಯೋಗಶಾಲೆಗೆ ಹೋಗುವ ಒಬ್ಬ ವಿದ್ಯಾರ್ಥಿಯನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ ನೋಡಿದರೆ ಒಂದು ವಿಪರೀತ ಕಾಣುತ್ತದೆ. ಇಬ್ಬರೂ ಮುಟ್ಟುವುದು ಅದೇ ದ್ರಾವಕ, ಅದೇ ಆಮ್ಲ. ಕಾಗದದ ಮೇಲಾದರೂ ‘ನನಗೆ ತಿಳಿಸಿರಿ’ ಎನ್ನುವ ಹಕ್ಕು ಹತ್ತನೆಯ ತರಗತಿ ಓದಿದವನಿಗೆ ಸಿಕ್ಕಿತು. ಎಂ.ಎಸ್‌ಸಿ. ಓದಿದವನಿಗೆ ಸಿಗಲಿಲ್ಲ, ಏಕೆಂದರೆ ಅವನು ಕಾರ್ಮಿಕನಲ್ಲ, ಶಿಷ್ಯ. ಶಿಷ್ಯನಿಗೆ ಹಕ್ಕೇಕೆ, ಗುರುಕೃಪೆ ಇದೆಯಲ್ಲ ಎಂಬುದು ನಮ್ಮ ಸಮಾಜದ ಮನಸ್ಸು.

ನಮ್ಮಲ್ಲಿ ಮಾತ್ರ ಹೀಗೆಂದು ತಿಳಿಯಬೇಡಿ. ಅಮೆರಿಕದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ 2008ರ ಡಿಸೆಂಬರ್ 29ರಂದು, ಕ್ರಿಸ್‌ಮಸ್ ರಜೆಯ ಬಿಡುವಿನಲ್ಲಿ, ಶೆಹರ್‌ಬಾನೊ ಸಂಗ್‌ಜಿ ಎಂಬ ಇಪ್ಪತ್ತಮೂರು ವರ್ಷದ ಹುಡುಗಿ ಗಾಳಿ ತಾಕಿದರೆ ತಾನಾಗಿ ಹೊತ್ತಿಕೊಳ್ಳುವ ಒಂದು ಲಿಥಿಯಂ ಸಂಯುಕ್ತವನ್ನು ಪ್ಲಾಸ್ಟಿಕ್ ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಸಿರಿಂಜಿನ ಕೊಳವೆಯಿಂದ ದಂಡ ಕಳಚಿ ಬಂತು. ಮೈಮೇಲೆ ರಕ್ಷಣೆಯ ಕೋಟು ಇರಲಿಲ್ಲ. ಸ್ವೆಟರಿಗೆ ಬೆಂಕಿ ಹತ್ತಿತು. ಹದಿನೆಂಟು ದಿನ ನರಳಿ, 2009ರ ಜನವರಿ 16ರಂದು ತೀರಿಕೊಂಡಳು. ಎರಡು ತಿಂಗಳು ಮುಂಚೆ ವಿಶ್ವವಿದ್ಯಾನಿಲಯದ ತನಿಖೆಯವರೇ ಬಂದು, ಇಲ್ಲಿ ಕೋಟು ಹಾಕುವುದಿಲ್ಲ ಎಂದು ಬರೆದುಕೊಂಡು ಹೋಗಿದ್ದರು. ಅವಳಿಗೆ ತರಬೇತು ಕೊಟ್ಟದ್ದಕ್ಕೆ ದಾಖಲೆ ಇರಲಿಲ್ಲ. ಆ ಪ್ರಯೋಗಶಾಲೆಯ ಪ್ರಾಧ್ಯಾಪಕರ ಮೇಲೆಯೇ ಕ್ರಿಮಿನಲ್ ಮೊಕದ್ದಮೆ ಹೂಡಿದರು. 2014ರಲ್ಲಿ ಒಂದು ಒಡಂಬಡಿಕೆಯಲ್ಲಿ ಅದು ಮುಗಿಯಿತು. ಈ ಪ್ರಕರಣದಲ್ಲಿ ನನ್ನ ಮನಸ್ಸು ಕಚ್ಚಿ ಹಿಡಿದ ಅಂಶ ಬೇರೆ. ಆ ರಾಜ್ಯದ ಕಾರ್ಮಿಕ ಸುರಕ್ಷತೆಯ ಇಲಾಖೆಗೆ ಅಲ್ಲಿ ಕಾಲಿಡಲು ಸಾಧ್ಯವಾದದ್ದು, ಅವಳು ಸಂಬಳಕ್ಕಿದ್ದ ಸಹಾಯಕಿಯಾಗಿದ್ದಳು ಎಂಬ ಕಾರಣದಿಂದ. ಶುಲ್ಕ ಕೊಟ್ಟು ಓದುವ ವಿದ್ಯಾರ್ಥಿನಿಯಾಗಿದ್ದರೆ ಅದು ಬಾಗಿಲ ಹೊರಗೇ ನಿಲ್ಲಬೇಕಾಗಿತ್ತು. ಅದೇ ಬೆಂಕಿ, ಅದೇ ಮೈ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಕೇಳಬೇಕು. ಅದು ಹಗುರವಾದ ಮಾತಲ್ಲ. ‘ಅಪಾಯವಿಲ್ಲದ ವಿಜ್ಞಾನ ಎಲ್ಲಿದೆ? ಮೇರಿ ಕ್ಯೂರಿಗೆ ಯಾರು ತರಬೇತು ಕೊಟ್ಟರು? ನಿಯಮ, ಫಾರಂ, ಪರೀಕ್ಷೆ ಎಂದು ಆರು ತಿಂಗಳು ಕೂರಿಸಿದರೆ ಹುಡುಗರ ಉತ್ಸಾಹ ಬತ್ತಿಹೋಗುತ್ತದೆ. ಹೇಡಿಗಳು ತಯಾರಾಗುತ್ತಾರೆ’ ಎಂದು ಹಿರಿಯ ಅಧ್ಯಾಪಕರೊಬ್ಬರು ನನ್ನೊಡನೆ ವಾದಿಸಿದರು. ಮೇರಿ ಕ್ಯೂರಿ 1934ರಲ್ಲಿ ರಕ್ತ ಕೆಟ್ಟು ಸತ್ತರು ನಿಜ; ಅವರ ಟಿಪ್ಪಣಿಯ ಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತವೆ, ಸೀಸದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಆದರೆ ಆಕೆಗೆ ಹೇಳುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ. ಬಲ್ಲವರು ಪಕ್ಕದ ಕೋಣೆಯಲ್ಲಿ ಕುಳಿತಿರುವಾಗ ಬಲ್ಲದೆ ಸಾಯುವುದಕ್ಕೆ ಆ ಹಿರಿಮೆಯನ್ನು ಅಂಟಿಸಲಾಗದು. ಇನ್ನು ಧೈರ್ಯದ ಮಾತಿಗೆ, ನನಗೆ ಜೆ. ಬಿ. ಎಸ್. ಹಾಲ್ಡೇನ್ ನೆನಪಾಗುತ್ತಾರೆ. 1957ರಲ್ಲಿ ಇಂಗ್ಲೆಂಡನ್ನು ಬಿಟ್ಟು ನಮ್ಮ ದೇಶಕ್ಕೆ ಬಂದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಆ ಮಹಾಶಯರು, ಒತ್ತಡದ ಕೋಣೆಯಲ್ಲಿ ತಮ್ಮ ಮೈಯನ್ನೇ ಪ್ರಯೋಗಕ್ಕೆ ಒಡ್ಡಿದವರು. ಒಂದು ಪ್ರಯೋಗದಲ್ಲಿ ಸೆಳೆತ ಬಂದು ಬೆನ್ನೆಲುಬಿಗೆ ಪೆಟ್ಟಾಯಿತು. ಒಳಗೆ ಏನಾಗಬಹುದು ಎಂಬುದು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ; ಬಲ್ಲವರಾಗಿ ಒಳಗೆ ಹೋದರು. ಅದಕ್ಕೆ ಧೈರ್ಯವೆನ್ನಬಹುದು. ಅಂಬೆಗಾಲಿಡುವ ಮಗು ಹಾವನ್ನು ಹಿಡಿಯಹೋದರೆ ಅದಕ್ಕೆ ಧೈರ್ಯಶಾಲಿ ಎಂದು ಯಾರೂ ಬಿರುದು ಕೊಡುವುದಿಲ್ಲ.

ಆ ಹಿರಿಯರು ಅಲ್ಲಿಗೆ ಬಿಡಲಿಲ್ಲ. ‘ಎಲ್ಲವನ್ನೂ ಬಲ್ಲವರೂ ಸಾಯುತ್ತಾರಲ್ಲ?’ ಎಂದರು. ಸಾಯುತ್ತಾರೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕ್ಯಾರೆನ್ ವೆಟರ್‌ಹಾನ್, ವಿಷಲೋಹಗಳ ವಿಚಾರದಲ್ಲೇ ದೊಡ್ಡ ಪಂಡಿತೆ. 1996ರ ಆಗಸ್ಟಿನಲ್ಲಿ ಡೈಮಿಥೈಲ್ ಪಾದರಸದ ಒಂದೆರಡು ಹನಿ ಅವರ ಕೈಗವಸಿನ ಮೇಲೆ ಬಿತ್ತು. ಕೈಗವಸು ಹಾಕಿದ್ದರು, ಗಾಳಿ ಎಳೆಯುವ ಗೂಡಿನೊಳಗೆ ಕೆಲಸ ಮಾಡುತ್ತಿದ್ದರು. ಆ ದಿನದ ವಿಧಿಯಲ್ಲಿ ಒಂದೂ ತಪ್ಪಿರಲಿಲ್ಲ. ತಿಂಗಳುಗಳು ಕಳೆದ ಮೇಲೆ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ತೀರಿಕೊಂಡರು. ಸಹೋದ್ಯೋಗಿಗಳು ಕೈಗವಸುಗಳನ್ನು ಪರೀಕ್ಷೆ ಮಾಡಿಸಿ ನೋಡಿದಾಗ, ಆ ದ್ರವ ತೆಳುವಾದ ಲೇಟೆಕ್ಸನ್ನು ಕೆಲವೇ ಕ್ಷಣಗಳಲ್ಲಿ ದಾಟುತ್ತದೆಂದು ಗೊತ್ತಾಯಿತು. ಅವರು ಅದನ್ನು ಲೋಕಕ್ಕೆಲ್ಲ ಸಾರಿದರು. ಈಗ ನಿಯಮದ ಪುಸ್ತಕದಲ್ಲಿ ಇಂಥ ದ್ರವಕ್ಕೆ ಇಂಥ ಕೈಗವಸು ಎಂದು ಒಂದು ಒಣ ಸಾಲು ಇರುತ್ತದೆ. ಓದುವವನಿಗೆ ಅದು ಗುಮಾಸ್ತನ ಕಾಟವಾಗಿ ಕಾಣುತ್ತದೆ. ಆ ಸಾಲು ಎಲ್ಲಿಂದ ಬಂತು ಎಂದು ಹೇಳದೆ ಪುಸ್ತಕವನ್ನು ಕೈಗೆ ತುರುಕುವುದರಿಂದಲೇ ಅದು ಕಾಟವಾಗುವುದು. ಹೊಸಬರಿಗೆ ನಿಯಮವನ್ನು ಓದಿಸುವ ಬದಲು ಆ ಕಥೆಯನ್ನು ಹೇಳಿದರೆ ಒಂದು ಗಂಟೆ ಸಾಕು. ಆರು ತಿಂಗಳು ಬೇಕಾಗಿಲ್ಲ.

ತರಬೇತು ಎಂದರೆ ಮಾಹಿತಿ ಎಂದುಕೊಂಡರೆ ಅರ್ಧ ಕೆಲಸವಾದಂತೆ. ದ್ರವ ಸಾರಜನಕ ಒಂದು ಲೀಟರು ಆವಿಯಾದರೆ ಸುಮಾರು ಏಳುನೂರು ಲೀಟರು ಅನಿಲವಾಗಿ ಕೋಣೆಯ ಉಸಿರನ್ನು ಕಸಿಯುತ್ತದೆ ಎಂದು ಹುಡುಗ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯಬಲ್ಲ. ಆದರೆ ಕಿಟಕಿಯಿಲ್ಲದ ಕೋಣೆಗೆ ಒಬ್ಬನೇ ಹೋಗಿ ಅದನ್ನು ಸುರಿದು ಬಾ ಎಂದು ಮಾರ್ಗದರ್ಶಕರು ಹೇಳಿದಾಗ, ‘ಹೋಗುವುದಿಲ್ಲ ಸಾರ್’ ಎನ್ನಬಲ್ಲನೆ? ಅವನ ಡಾಕ್ಟರೇಟು, ಶಿಷ್ಯವೇತನ, ಮುಂದಿನ ಶಿಫಾರಸು ಪತ್ರ ಎಲ್ಲವೂ ಆ ಒಬ್ಬರ ಲೇಖನಿಯ ತುದಿಯಲ್ಲಿ ಇರುವಾಗ? ಬಲ್ಲವನಾಗಿಯೂ ‘ಬೇಡ’ ಎನ್ನಲಾರದವನ ಸ್ಥಿತಿ ಬಲ್ಲದವನ ಸ್ಥಿತಿಗಿಂತ ಹೀನ. ಅದಕ್ಕೇ, ಅಪಾಯದ ಪ್ರಯೋಗಶಾಲೆಗೆ ಕಾಲಿಡುವವನಿಗೆ ಕೊಡಬೇಕಾದ ಮೊದಲನೆಯ ಪಾಠ ‘ಬೇಡ’ ಎನ್ನುವ ಅಧಿಕಾರ ಎಂದು ನಾನು ತಿಳಿದಿದ್ದೇನೆ. ಹೇಳಿಕೊಡುವವರು ಬಾಯಿಬಿಟ್ಟು, ನಾಲ್ಕು ಜನರ ಎದುರಿಗೆ, ‘ನಿನಗೆ ತಿಳಿಯದ್ದನ್ನು ಮಾಡಬೇಡ, ನಾನೇ ಹೇಳಿದರೂ ಮಾಡಬೇಡ’ ಎಂದು ಹೇಳಬೇಕು. ಹಾಗೆ ಹೇಳಿದ ಮೇಲೆ ಬೇಕಾದರೆ ಸಹಿ ಹಾಕಿಸಿಕೊಳ್ಳಲಿ.

ಪಾರ್ವತಿಯನ್ನು ಇಲ್ಲಿ ಮರೆಯಬಾರದು. ಶಿವನಂಥ ಶಿವನೂ ಒಂಟಿಯಾಗಿ ಕುಡಿಯಲಿಲ್ಲ. ಕೊರಳು ಹಿಡಿಯುವ ಕೈ ಪಕ್ಕದಲ್ಲಿ ಇತ್ತು. 2011ರ ಏಪ್ರಿಲಿನಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ, ಇನ್ನೇನು ಪದವಿ ಮುಗಿಸಲಿದ್ದ ವಿದ್ಯಾರ್ಥಿನಿಯೊಬ್ಬಳು ರಾತ್ರಿ ಒಬ್ಬಳೇ ಚರಕಿಯಂತ್ರದ ಮುಂದೆ ಕೆಲಸ ಮಾಡುತ್ತಿದ್ದಾಗ ಕೂದಲು ಸಿಕ್ಕಿಕೊಂಡು ಸತ್ತಳು. ನಿಲ್ಲಿಸುವ ಗುಂಡಿಯನ್ನು ಒತ್ತುವುದಕ್ಕೆ ಇನ್ನೊಂದು ಕೈ ಇರಲಿಲ್ಲ.

ಕಥೆಯ ಇನ್ನೊಂದು ಎಳೆ ಇದೆ, ಅದು ಸ್ವಲ್ಪ ಮುಜುಗರದ್ದು. ಅಮೃತಕ್ಕೆಂದು ಕಡೆದವರು ಯಾರು, ವಿಷ ಹೋದದ್ದು ಯಾರಿಗೆ? ಪುರಾಣದಲ್ಲಿ ಎಲ್ಲರಿಗಿಂತ ಬಲಶಾಲಿಯಾದವನು ಅದನ್ನು ಹೊತ್ತ. ನಮ್ಮ ಪ್ರಯೋಗಶಾಲೆಗಳಲ್ಲಿ ಕ್ರಮ ತಿರುಗುಮುರುಗು. ಲೇಖನದ ತುದಿಯಲ್ಲಿ ಹೆಸರು, ಪ್ರಶಸ್ತಿ, ಬಡ್ತಿ ಇವು ಮೇಲಕ್ಕೆ ಏರುತ್ತವೆ. ನಂಜು ಕೆಳಕ್ಕೆ ಇಳಿಯುತ್ತದೆ. ಪ್ರಾಧ್ಯಾಪಕರಿಂದ ವಿದ್ಯಾರ್ಥಿಗೆ, ವಿದ್ಯಾರ್ಥಿಯಿಂದ ಬಾಟಲಿ ತೊಳೆಯುವ ಅಟೆಂಡರಿಗೆ, ಅವನಿಂದ ಕಸ ಗುಡಿಸುವ ಹೆಂಗಸಿಗೆ. ಬಾಟಲಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ ಇರುತ್ತದೆ. ಜತೆಗೆ ಬರುವ ಹದಿನಾರು ಭಾಗದ ಸುರಕ್ಷತೆಯ ಪತ್ರವೂ ಇಂಗ್ಲಿಷಿನಲ್ಲಿಯೇ. ಬರಿಗೈಯಲ್ಲಿ ಅದನ್ನು ಎತ್ತಿಡುವ ಅಟೆಂಡರು ಓದುವುದು ಕನ್ನಡ. ‘ಇದು ಮೈಗೆ ತಾಗಿದರೆ ಮೊದಲು ನೋವಾಗುವುದಿಲ್ಲ, ಆಮೇಲೆ ಎಲುಬಿಗೆ ಇಳಿಯುತ್ತದೆ’ ಎಂದು ಹೈಡ್ರೋಫ್ಲೋರಿಕ್ ಆಮ್ಲದ ಬಾಟಲಿಯ ಮೇಲೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸುವುದಕ್ಕೆ ಯಾವ ಅನುದಾನ ಬೇಕು? ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಹುದೇ ಎಂದು ನಾವು ಎಷ್ಟೋ ವರ್ಷ ವಾದ ಮಾಡಿದ್ದೇವೆ. ಈ ಚೀಟಿಯಿಂದ ಆರಂಭಿಸಬಹುದಾಗಿತ್ತು.

ನಂಜು ಕೆಳಕ್ಕೆ ಇಳಿದು ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ದೆಹಲಿಯಲ್ಲಿ ಒಂದು ದೃಷ್ಟಾಂತ ನಡೆದಿದೆ. ದೆಹಲಿ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರ ವಿಭಾಗ 1968ರಲ್ಲಿ ಕೆನಡದಿಂದ ಕೋಬಾಲ್ಟ್–60 ತುಂಬಿದ ಗಾಮಾ ಕಿರಣದ ಯಂತ್ರವೊಂದನ್ನು ತರಿಸಿಕೊಂಡಿತ್ತು. 1985ರಿಂದ ಅದನ್ನು ಯಾರೂ ಉಪಯೋಗಿಸಲಿಲ್ಲ, ಮೂಲೆಯಲ್ಲಿ ಬಿದ್ದಿತ್ತು. ಕೋಬಾಲ್ಟಿನ ಶಕ್ತಿ ಸುಮಾರು ಐದೂಕಾಲು ವರ್ಷಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಆದರೆ ಒಮ್ಮೆಗೇ ಸಾಯುವುದಿಲ್ಲ. 2010ರ ಫೆಬ್ರವರಿಯಲ್ಲಿ ವಿಭಾಗದವರು ಅದನ್ನು ಹಳೆಯ ಸಾಮಾನಿನ ಜತೆಗೆ ಹರಾಜು ಹಾಕಿದರು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಸೀಸಕ್ಕಾಗಿ ಅದನ್ನು ಒಡೆದರು. ಕೈ ಕಪ್ಪಾಯಿತು, ಕೂದಲು ಉದುರಿತು, ವಾಂತಿ ಹತ್ತಿತು. ಆ ಏಪ್ರಿಲಿನಲ್ಲಿ ಒಬ್ಬನು ಸತ್ತನು. ಇನ್ನೂ ಹಲವರು ಆಸ್ಪತ್ರೆಯಲ್ಲಿ ಮಲಗಿದರು. ಸತ್ತವನು ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಯಂತ್ರವನ್ನು ಬಲ್ಲವರು ನಿವೃತ್ತರಾಗುವಾಗ ತಮ್ಮ ಬದಲಿಗೆ ಬಂದವರಿಗೆ ಅದೇನೆಂದು ಹೇಳಿಹೋಗದಿದ್ದರೆ, ತಿಳಿವಳಿಕೆ ಮನೆಗೆ ಹೋಗುತ್ತದೆ, ನಂಜು ಮೂಲೆಯಲ್ಲಿ ಉಳಿಯುತ್ತದೆ. ವಿಕಿರಣದ ವಸ್ತುಗಳಿಗೆ ನಮ್ಮಲ್ಲಿ ಪರವಾನಗಿ, ಅದಕ್ಕೆಂದೇ ಒಬ್ಬ ರಕ್ಷಣಾಧಿಕಾರಿ ಎಂಬ ಬಿಗಿಯಾದ ಕಟ್ಟು ಇದೆ. ಅಷ್ಟಿದ್ದೂ ಹೀಗಾಯಿತು. ಸಾಮಾನ್ಯವಾದ ರಸಾಯನ ಪ್ರಯೋಗಶಾಲೆಗೆ ಅಂಥ ಕಟ್ಟೂ ಇಲ್ಲ.

ನರಸೀಪುರದ ಸಂಗಮದಲ್ಲಿ ಮೀಯುವವರು ಮೇಲಿನ ಊರಿನಲ್ಲಿ ಕಪಿಲೆಗೆ ಏನು ಸೇರಿತೆಂದು ವಿಚಾರಿಸಿ ಮುಳುಗುವುದಿಲ್ಲ, ನಂಬಿ ಮುಳುಗುತ್ತಾರೆ. ತೊಟ್ಟಿಗೆ ಸುರಿಯುವವನಿಗೆ ಅದು ಗೊತ್ತಿರಬೇಕು.

ಆ ನರಸೀಪುರದ ಕಡೆಯ ಯುವಕ ಮೊನ್ನೆ ಸಿಕ್ಕಿದ್ದನು. ಹಳೆಯ ಈಥರಿನ ಬಾಟಲಿಗಳನ್ನು ತಿಳಿದವರನ್ನು ಕರೆಸಿ ಸಾಗಿಸಿದರಂತೆ. ಕಣ್ಣಿಗೆ ಆಮ್ಲ ಹಾರಿದರೆ ತೊಳೆದುಕೊಳ್ಳಲೆಂದು ಗೋಡೆಗೆ ಹಾಕಿದ ನಲ್ಲಿಯಲ್ಲಿ ಮೊದಲು ತಿರುಗಿಸಿದಾಗ ಬಂದದ್ದು ತುಕ್ಕಿನ ನೀರು. ಈಗ ಪ್ರತಿ ಸೋಮವಾರ ಅವನೇ ಅದನ್ನು ತಿರುಗಿಸಿ, ನೀರು ತಿಳಿಯಾಗುವವರೆಗೆ ಬಿಟ್ಟು, ಪಕ್ಕದ ಗೋಡೆಯ ಮೇಲೆ ತಾರೀಖು ಬರೆಯುತ್ತಾನೆ. ಈ ವರ್ಷ ಸೇರಿದ ಇಬ್ಬರು ಹುಡುಗಿಯರಿಗೆ ಅವನೇ ಎಲ್ಲವನ್ನೂ ತೋರಿಸಿದನಂತೆ. ‘ಅವರಿಗೂ ಆ ಕಾಗದ ಕೊಟ್ಟರೇನು?’ ಎಂದು ಕೇಳಿದೆ. ‘ಕೊಟ್ಟರು ಸಾರ್. ನಾಲ್ಕು ದಿನ ನನ್ನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಆಫೀಸಿನವರಿಗೆ ಕೋಪ’ ಎಂದನು.